ಅಂಗವೈಕಲ್ಯ ಪಿಂಚಣಿ ತಿರಸ್ಕೃತವಾದಾಗ: ಮೇಲ್ಮನವಿಗೆ ಪುರಾವೆ ಕೂಡಿಸುವ ಬಗೆ

ಸೇನೆಯಿಂದ ಬಿಡುಗಡೆಯಾದವರ ಅಂಗವೈಕಲ್ಯ ಪಿಂಚಣಿಯ ಕೋರಿಕೆಯನ್ನು ತಿರಸ್ಕರಿಸುವ ಪತ್ರ ಬಹುಮಟ್ಟಿಗೆ ಒಂದೇ ಪುಟದ್ದಾಗಿರುತ್ತದೆ. ಬಿಡುಗಡೆಯ ಹೊತ್ತಿಗೆ ಕುಳಿತ ಮೆಡಿಕಲ್ ಬೋರ್ಡ್ ನಿಮ್ಮ ಕಾಯಿಲೆ ಸೇವೆಯಿಂದ ಉಂಟಾದುದೂ ಅಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ ಎಂದು ಅಭಿಪ್ರಾಯಪಟ್ಟಿದೆ, ಆದಕಾರಣ ನೀವು ಅರ್ಹರಲ್ಲ ಎಂಬಷ್ಟೇ ಅದರ ತಿರುಳು. ‘ನೈದರ್ ಆಟ್ರಿಬ್ಯುಟಬಲ್ ನಾರ್ ಅಗ್ರವೇಟೆಡ್’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ‘ನಾನಾ’ ಎಂದು ಕರೆಯುವುದು ರೂಢಿ. ಕನ್ನಡದ ‘ನಾನಾ’ ಹಲವನ್ನು ಒಳಗೊಳ್ಳುವ ಮಾತಾದರೆ ಈ ‘ನಾನಾ’ ಇರುವ ಎರಡನ್ನೂ ಅಲ್ಲಗಳೆಯುತ್ತದೆ.

ಇಂಥ ಪತ್ರ ಕೈಸೇರಿದ ಕೂಡಲೇ ಹೆಚ್ಚಿನವರು ಮಾಡುವ ಕೆಲಸವೆಂದರೆ ಪರಿಚಯದ ವೈದ್ಯರ ಬಳಿ ಹೋಗಿ, ‘ಈ ಕಾಯಿಲೆ ಮಿಲಿಟರಿ ಸೇವೆಯಿಂದಲೇ ಬಂದಿದೆ’ ಎಂಬ ಒಂದು ಸರ್ಟಿಫಿಕೇಟ್ ಬರೆಸಿಕೊಳ್ಳುವುದು. ಮಾಜಿ ಸೈನಿಕರ ಕಾಗದಪತ್ರಗಳನ್ನು ಹಲವು ವರ್ಷಗಳಿಂದ ನೋಡಿಕೊಡುತ್ತ ಬಂದಿರುವ ನನ್ನ ಅನುಭವದಲ್ಲಿ ಅಷ್ಟು ಕಡಿಮೆ ಬೆಲೆಬಾಳುವ ಕಾಗದ ಇನ್ನೊಂದಿಲ್ಲ. ಮೇಲ್ಮನವಿಯನ್ನು ಎತ್ತಿ ನಿಲ್ಲಿಸುವುದು ಇಂದು ಬರೆಸಿದ ಪತ್ರವಲ್ಲ. ನೀವು ಸಮವಸ್ತ್ರದಲ್ಲಿದ್ದಾಗ, ಪಿಂಚಣಿಯ ಯೋಚನೆ ಯಾರ ತಲೆಯಲ್ಲೂ ಇಲ್ಲದಿದ್ದಾಗ, ಸೇನೆಯೇ ತನ್ನ ಕೈಯಿಂದ ಬರೆದಿಟ್ಟ ಕಾಗದಗಳು. ಅವುಗಳನ್ನು ಹುಡುಕಿ, ತರಿಸಿ, ತಾರೀಖಿನ ದಾರದಲ್ಲಿ ಪೋಣಿಸುವುದೇ ಈ ಕೆಲಸದ ಬಹುಪಾಲು.

ಯಾವ ನಿಯಮ, ಎಷ್ಟು ಗಡುವು

ಪುರಾವೆಗೆ ಕೈಹಾಕುವ ಮುನ್ನ ಎರಡು ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಸೇವೆಯಿಂದ ಬಿಡುಗಡೆಯಾದ ದಿನ ಮತ್ತು ತಿರಸ್ಕಾರದ ಪತ್ರ ನಿಮ್ಮ ಕೈಗೆ ತಲುಪಿದ ದಿನ.

ಮೊದಲ ತಾರೀಖು ನಿಮಗೆ ಯಾವ ಅರ್ಹತಾ ನಿಯಮ ಅನ್ವಯಿಸುತ್ತದೆ ಎಂಬುದನ್ನು ಹೇಳುತ್ತದೆ. 2008ರ ಜನವರಿ 1ಕ್ಕೆ ಮುಂಚೆ ಬಿಡುಗಡೆಯಾದವರಿಗೆ 1982ರ ನಿಯಮಗಳು, ಆ ದಿನದಿಂದ ಮುಂದಕ್ಕೆ 2008ರ ನಿಯಮಗಳು, 2023ರ ಸೆಪ್ಟೆಂಬರ್ 21ರಿಂದ ಈಚೆಗೆ 2023ರ ನಿಯಮಗಳು. ಕೊನೆಯದರಲ್ಲಿ ಪದಗಳೇ ಬದಲಾಗಿ, ಪೂರ್ಣ ಸೇವೆ ಮುಗಿಸಿ ಹೊರಬರುವವರ ‘ಡಿಸೆಬಿಲಿಟಿ ಎಲಿಮೆಂಟ್’ (ಅಂಗವೈಕಲ್ಯಕ್ಕೆಂದು ಸಿಗುವ ಮೊತ್ತ) ಇದ್ದ ಜಾಗಕ್ಕೆ ‘ಇಂಪೇರ್‌ಮೆಂಟ್ ರಿಲೀಫ್’ ಬಂದಿದೆ. ಗೆಳೆಯನೊಬ್ಬ ಗೆದ್ದ ಪ್ರಕರಣದ ಮನವಿಯನ್ನು ಹಾಗೆಯೇ ನಕಲು ಮಾಡಿ ಕಳಿಸುವವರು ಎಡವುವುದು ಇಲ್ಲಿ: ಆತನ ನಿಯಮ ನಿಮ್ಮ ನಿಯಮ ಆಗಿರಬೇಕೆಂದಿಲ್ಲ.

ಎರಡನೆಯ ತಾರೀಖಿನಿಂದ ಗಡುವಿನ ಎಣಿಕೆ. ಮೊದಲ ಮೇಲ್ಮನವಿಯನ್ನು ತಿರಸ್ಕಾರದ ಪತ್ರ ತಲುಪಿದ 6 ತಿಂಗಳೊಳಗೆ ಸಲ್ಲಿಸಬೇಕು. ಅದೂ ತಿರಸ್ಕೃತವಾದರೆ ಎರಡನೆಯ ಮೇಲ್ಮನವಿಗೆ ಮತ್ತೆ 6 ತಿಂಗಳು. ಪತ್ರ ಬಂದ ಲಕೋಟೆಯನ್ನು ಎಸೆಯಬೇಡಿ, ಪತ್ರದ ತಾರೀಖಿಗೂ ಅಂಚೆ ಮುದ್ರೆಯ ತಾರೀಖಿಗೂ ಎಷ್ಟೋ ಸಲ ವಾರಗಟ್ಟಲೆ ಅಂತರವಿರುತ್ತದೆ.

ಮುಖ್ಯ ಕಾಗದ: ಎಎಫ್‌ಎಂಎಸ್‌ಎಫ್-16

ತಿರಸ್ಕಾರದ ಬೇರು ಇರುವುದು ತಿರಸ್ಕಾರದ ಪತ್ರದಲ್ಲಲ್ಲ, ರಿಲೀಸ್ ಮೆಡಿಕಲ್ ಬೋರ್ಡಿನ ನಡಾವಳಿಯಲ್ಲಿ. ಅವಧಿ ಮುಗಿಯುವ ಮೊದಲೇ ಬೋರ್ಡ್ ಔಟ್ ಆಗಿದ್ದರೆ, ಅಂದರೆ ಅನಾರೋಗ್ಯದ ಕಾರಣ ಸೇವೆಯಿಂದ ಹೊರಗೆ ಕಳಿಸಿದ್ದರೆ, ಇನ್ವ್ಯಾಲಿಡಿಂಗ್ ಬೋರ್ಡಿನ ನಡಾವಳಿಯಲ್ಲಿ. ಎರಡಕ್ಕೂ ಬಳಸುವ ನಮೂನೆ ಎಎಫ್‌ಎಂಎಸ್‌ಎಫ್-16. ಅದರಲ್ಲಿ ನೀವು ಎಲ್ಲೆಲ್ಲಿ ಸೇವೆ ಸಲ್ಲಿಸಿದಿರಿ, ಭರ್ತಿಗೆ ಮುಂಚೆ ಕಾಯಿಲೆ ಇತ್ತೇ ಎಂಬ ನಿಮ್ಮ ಹೇಳಿಕೆ, ಕಮಾಂಡಿಂಗ್ ಅಧಿಕಾರಿಯ ಹೇಳಿಕೆ, ತಜ್ಞ ವೈದ್ಯರ ಅಭಿಪ್ರಾಯ, ಕೊನೆಯಲ್ಲಿ ಬೋರ್ಡಿನ ತೀರ್ಮಾನ ಮತ್ತು ಅಂಗವೈಕಲ್ಯದ ಶೇಕಡಾವಾರು ಪ್ರಮಾಣ ಇರುತ್ತವೆ.

ಈ ನಮೂನೆಯನ್ನು ಪೆನ್ಸಿಲ್ ಹಿಡಿದು ಓದಿ. ಮೊದಲು ಶೇಕಡಾವಾರು ನೋಡಿ. ಸೇವೆ ಪೂರ್ಣಗೊಳಿಸಿ ಬಂದವರಿಗೆ ಅದು 20ಕ್ಕಿಂತ, ಅಂದರೆ ಅರ್ಹತೆಯ ಕನಿಷ್ಠ ಮಿತಿಗಿಂತ, ಕೆಳಗಿದ್ದರೆ ವಾದದ ದಾರಿಯೇ ಬೇರೆ, ಆಗ ಮೊದಲು ಪ್ರಶ್ನಿಸಬೇಕಾದುದು ಆ ಅಂಕಿಯನ್ನೇ. ಬಳಿಕ, ‘ಸೇವೆಯಿಂದ ಉಂಟಾಗಿದೆಯೇ’, ‘ಸೇವೆಯಿಂದ ಉಲ್ಬಣಿಸಿದೆಯೇ’ ಎಂಬ ಎರಡು ಪ್ರಶ್ನೆಗಳ ಮುಂದಿನ ‘ಇಲ್ಲ’ಕ್ಕೆ ಬೋರ್ಡ್ ಕೊಟ್ಟ ಕಾರಣವನ್ನು ಅಕ್ಷರಶಃ ಬೇರೆ ಹಾಳೆಗೆ ಇಳಿಸಿಕೊಳ್ಳಿ. ‘ಶಾಂತಿ ನೆಲೆಯಲ್ಲಿ ಕಾಣಿಸಿಕೊಂಡಿದೆ’ (ಅಂದರೆ ಗಡಿ, ಕಾರ್ಯಾಚರಣೆಗಳಿಂದ ದೂರದ ಪೋಸ್ಟಿಂಗಿನಲ್ಲಿ), ‘ದೇಹಪ್ರಕೃತಿಗೆ ಸಂಬಂಧಿಸಿದ್ದು’, ‘ಸೇವೆಗೆ ಸಂಬಂಧವಿಲ್ಲ’ ಎಂಬಂಥ ಅರ್ಧ ಸಾಲು ಅಲ್ಲಿರುತ್ತದೆ; ಕೆಲವೊಮ್ಮೆ ಏನೂ ಇರುವುದಿಲ್ಲ. ನಿಮ್ಮ ಇಡೀ ಮೇಲ್ಮನವಿ ಉತ್ತರಿಸಬೇಕಾದುದು ಆ ಅರ್ಧ ಸಾಲಿಗೆ. ಅದನ್ನು ಓದದೆ ಪುರಾವೆ ಕೂಡಿಸಲು ಹೊರಡುವುದು ಪ್ರಶ್ನೆಪತ್ರಿಕೆ ನೋಡದೆ ಉತ್ತರ ಬರೆದಂತೆ.

ನಾನು ಎಡವಿದ ಒಂದು ಸಂದರ್ಭವನ್ನು ಇಲ್ಲಿ ಹೇಳಬೇಕು. ಒಬ್ಬರ ನಡಾವಳಿಯ ಪ್ರತಿ ತರಿಸಿದಾಗ ಹಾಳೆಗಳ ಮುಂಬದಿಯ ನಕಲು ಮಾತ್ರ ಬಂದಿತ್ತು, ಕಾರಣ ಬರೆದಿದ್ದ ಭಾಗ ಹಿಂಬದಿಯಲ್ಲಿತ್ತು. ಪುಟಸಂಖ್ಯೆ ಹೊಂದಿಸಿ ನೋಡದೆ ‘ಬೋರ್ಡ್ ಕಾರಣವನ್ನೇ ಕೊಟ್ಟಿಲ್ಲ’ ಎಂದು ಮನವಿಯಲ್ಲಿ ಬರೆದುಬಿಟ್ಟೆ. ಮೊದಲ ಮೇಲ್ಮನವಿ ಆ ಒಂದು ಸಾಲಿನಿಂದಲೇ ಹಗುರಾಯಿತು. ಅಂದಿನಿಂದ ಪ್ರತಿ ಬಂದ ಕೂಡಲೇ ಪುಟ ಎಣಿಸುವುದು ನನ್ನ ಮೊದಲ ಕೆಲಸ.

ಕಾಗದ ತರಿಸುವುದು

ಮನೆಯ ಟ್ರಂಕಿನಲ್ಲಿ ಏನಿದೆ ಎಂದು ಮೊದಲು ನೋಡಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಹಳೆಯ ಪೇ ಸ್ಲಿಪ್‌ಗಳು, ಆಸ್ಪತ್ರೆಯ ಡಿಸ್ಚಾರ್ಜ್ ಸ್ಲಿಪ್‌ಗಳು, ರಜೆಯ ಸರ್ಟಿಫಿಕೇಟ್, ಮೂವ್‌ಮೆಂಟ್ ಆರ್ಡರ್, ಇವುಗಳಲ್ಲಿ ಯಾವುದೂ ತ್ಯಾಜ್ಯವಲ್ಲ. ಡಿಸ್ಚಾರ್ಜ್ ಬುಕ್ಕಿನಲ್ಲಿ ನಮೂದಾದ ಪದಕವೂ ಒಂದು ಸಾಕ್ಷಿ: ಸಿಯಾಚಿನ್ ಗ್ಲೇಸಿಯರ್ ಪದಕ ಇರುವವರು ತಾವು ಎಲ್ಲಿದ್ದೆವೆಂದು ಬೇರೆ ಯಾರಿಂದಲೂ ಹೇಳಿಸಬೇಕಾಗಿಲ್ಲ. ಪೇ ಸ್ಲಿಪ್ಪಿನಲ್ಲಿ ಎತ್ತರ ಪ್ರದೇಶದ ಭತ್ಯೆ ಯಾವ ತಿಂಗಳು ಶುರುವಾಗಿ ಯಾವ ತಿಂಗಳು ನಿಂತಿತು ಎಂಬುದು ಪೋಸ್ಟಿಂಗಿನ ಅತ್ಯಂತ ನಿಖರವಾದ ದಾಖಲೆ, ಏಕೆಂದರೆ ಹಣದ ಲೆಕ್ಕವನ್ನು ಸೇನೆ ಅಂದಾಜಿನ ಮೇಲೆ ಬರೆಯುವುದಿಲ್ಲ.

ಉಳಿದುದನ್ನು ನಿಮ್ಮ ರೆಕಾರ್ಡ್ ಆಫೀಸಿನಿಂದ ತರಿಸಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಅದು ಬೆಳಗಾವಿಯಲ್ಲಿದೆ. ಮದ್ರಾಸ್ ಎಂಜಿನಿಯರ್ ಗ್ರೂಪ್, ಪ್ಯಾರಾಶೂಟ್ ರೆಜಿಮೆಂಟ್, ಮಿಲಿಟರಿ ಪೊಲೀಸ್ ದಳದವರಿಗೆ ಬೆಂಗಳೂರಿನಲ್ಲಿದೆ. ಮೊದಲು ಸಾಮಾನ್ಯ ಪತ್ರ ಬರೆಯಿರಿ, ಹಲವು ಕಡೆ ಅಷ್ಟರಲ್ಲೇ ಕೆಲಸ ಆಗುತ್ತದೆ. ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಮೂಲಕ ಕಟ್ಟಬಹುದು. ನಕಲಿಗೆ ಪುಟಕ್ಕೆ 2 ರೂಪಾಯಿ. ಉತ್ತರ 30 ದಿನಗಳೊಳಗೆ ಬರಬೇಕು, ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆಯಲ್ಲಿ, ಅಂದರೆ ನಮ್ಮಲ್ಲಿ ಕನ್ನಡದಲ್ಲಿ, ಬರೆಯಲು ಕಾಯ್ದೆಯ 6ನೆಯ ಕಲಮು ಅವಕಾಶ ಕೊಡುತ್ತದೆ. ಆದರೆ ರೆಕಾರ್ಡ್ ಆಫೀಸಿನ ಗುಮಾಸ್ತ ದೇಶದ ಯಾವ ಮೂಲೆಯವನೂ ಆಗಿರಬಹುದಾದ್ದರಿಂದ ಜೊತೆಗೊಂದು ಇಂಗ್ಲಿಷ್ ಪ್ರತಿ ಇಟ್ಟರೆ ತಡ ತಪ್ಪುತ್ತದೆ.

ಅರ್ಜಿಯ ಒಕ್ಕಣೆಯಲ್ಲಿ ‘ನನ್ನ ಎಲ್ಲ ದಾಖಲೆಗಳನ್ನು ಕೊಡಿ’ ಎಂದು ಬರೆಯಬೇಡಿ. ‘ಎಲ್ಲ’ ಎಂದು ಕೇಳಿದವರಿಗೆ ಯಾವುದಾದರೂ ಎರಡು ಹಾಳೆ ಕಳಿಸಿ ಕೈತೊಳೆದುಕೊಳ್ಳುವುದು ಸುಲಭ. ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. ನಾನು ಬರೆದುಕೊಡುವ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ:

‘ನನ್ನ ಸೇವಾ ಸಂಖ್ಯೆ, ದರ್ಜೆ, ಹೆಸರು ಮತ್ತು ಬಿಡುಗಡೆಯ ದಿನಾಂಕ ಮೇಲ್ಕಂಡಂತಿವೆ. ಕೆಳಗಿನವುಗಳ ದೃಢೀಕೃತ ಪ್ರತಿಗಳನ್ನು, ಎರಡೂ ಬದಿಯ ನಕಲು ಸಹಿತ, ಒದಗಿಸಬೇಕು: ಭರ್ತಿಯ ಸಮಯದ ವೈದ್ಯಕೀಯ ಪರೀಕ್ಷೆಯ ನಮೂನೆ, ಸೇವಾವಧಿಯಲ್ಲಿ ನಡೆದ ಪ್ರತಿಯೊಂದು ವರ್ಗೀಕರಣ ಮೆಡಿಕಲ್ ಬೋರ್ಡಿನ ಎಎಫ್‌ಎಂಎಸ್‌ಎಫ್-15, ಬಿಡುಗಡೆಯ ಎಎಫ್‌ಎಂಎಸ್‌ಎಫ್-16, ಶೀಟ್ ರೋಲ್, ಪೋಸ್ಟಿಂಗ್, ಆಸ್ಪತ್ರೆ ದಾಖಲಾತಿ ಮತ್ತು ವೈದ್ಯಕೀಯ ವರ್ಗ ಬದಲಾವಣೆಗೆ ಸಂಬಂಧಿಸಿದ ಪಾರ್ಟ್ ಟು ಆರ್ಡರ್‌ಗಳು, ಗಾಯವಾಗಿದ್ದಲ್ಲಿ ಐಎಎಫ್‌ವೈ-2006 ಇಂಜುರಿ ರಿಪೋರ್ಟ್ ಹಾಗೂ ಕೋರ್ಟ್ ಆಫ್ ಇನ್‌ಕ್ವೈರಿಯ ನಡಾವಳಿ. ಯಾವುದಾದರೂ ದಾಖಲೆ ಲಭ್ಯವಿಲ್ಲದಿದ್ದರೆ ಅದು ಯಾವ ದಿನಾಂಕದಂದು, ಯಾವ ಆದೇಶದಡಿ ನಾಶವಾಯಿತೆಂಬ ಮಾಹಿತಿ ಕೊಡಬೇಕು.’

ಇದರಲ್ಲಿ ಶೀಟ್ ರೋಲ್ ಎಂದರೆ ನಿಮ್ಮ ಸೇವೆಯ ವಿವರಗಳ ದಾಖಲೆ, ಪಾರ್ಟ್ ಟು ಆರ್ಡರ್ ಎಂದರೆ ಪೋಸ್ಟಿಂಗ್, ಆಸ್ಪತ್ರೆ ದಾಖಲಾತಿಯಂಥ ಸಂಗತಿಗಳನ್ನು ನಮೂದಿಸುವ ಯೂನಿಟ್ಟಿನ ಆದೇಶ. ಕೊನೆಯ ವಾಕ್ಯಕ್ಕೆ ಒಂದು ಉದ್ದೇಶವಿದೆ. 2008ರ ನಿಯಮಗಳ 7ನೆಯ ನಿಯಮದ ಪ್ರಕಾರ ಅರ್ಹತೆಯನ್ನು ಸಾಬೀತುಪಡಿಸುವ ಹೊರೆ ಸಾಮಾನ್ಯವಾಗಿ ಕೋರಿಕೆದಾರನ ಮೇಲಿಲ್ಲ. ಆದರೆ ಬಿಡುಗಡೆಯಾದ 15 ವರ್ಷಗಳ ನಂತರ ಕೋರಿಕೆ ಸಲ್ಲಿಸಿ, ಅಷ್ಟರಲ್ಲಿ ಸೇವಾ ದಾಖಲೆಗಳು ಕ್ರಮಬದ್ಧವಾಗಿ ನಾಶವಾಗಿದ್ದರೆ, ಆ ಹೊರೆ ನಿಮ್ಮ ಹೆಗಲಿಗೆ ಬರುತ್ತದೆ. ಆದ್ದರಿಂದ ದಾಖಲೆ ಇನ್ನೂ ಉಳಿದಿದೆಯೇ ಎಂಬುದೂ ಒಂದು ಪುರಾವೆಯೇ, ಮತ್ತು ತಡ ಮಾಡಿದಷ್ಟೂ ನಷ್ಟ ನಿಮ್ಮದೇ. ಆಸ್ಪತ್ರೆಯ ಕೇಸ್ ಶೀಟ್‌ಗಳು ರೆಕಾರ್ಡ್ ಆಫೀಸಿನಲ್ಲಿ ಇಲ್ಲದಿರಬಹುದು. ಅವುಗಳಿಗಾಗಿ ನೀವು ದಾಖಲಾಗಿದ್ದ ಮಿಲಿಟರಿ ಆಸ್ಪತ್ರೆಗೇ, ದಾಖಲಾದ ತಿಂಗಳು ಮತ್ತು ವಾರ್ಡ್ ತಿಳಿಸಿ, ಬೇರೆ ಅರ್ಜಿ ಹಾಕುವುದು ಒಳ್ಳೆಯದು.

ಭರ್ತಿಯ ದಿನದ ಕಾಗದಕ್ಕೆ ಇಷ್ಟು ಬೆಲೆ ಏಕೆ

2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ಕ್ಷೇತ್ರದ ದೀಪಸ್ತಂಭ. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿದ ಯೋಧನನ್ನು ಸುಮಾರು 9 ವರ್ಷಗಳ ಸೇವೆಯ ಬಳಿಕ ಅಪಸ್ಮಾರದ ಕಾರಣ, ಶೇಕಡ 20ರಷ್ಟು ಅಂಗವೈಕಲ್ಯ ನಮೂದಿಸಿ, ಬೋರ್ಡ್ ಔಟ್ ಮಾಡಲಾಗಿತ್ತು. ಕಾಯಿಲೆ ದೇಹಪ್ರಕೃತಿಯದೆಂದು ಪಿಂಚಣಿಯನ್ನು ನಿರಾಕರಿಸಲಾಗಿತ್ತು. ಭರ್ತಿಯ ಸಮಯದ ದಾಖಲೆಯಲ್ಲಿ ಕಾಯಿಲೆಯ ನಮೂದು ಇಲ್ಲದಿದ್ದರೆ ಆ ವ್ಯಕ್ತಿ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ಆಮೇಲೆ ಆರೋಗ್ಯ ಕೆಟ್ಟಿದ್ದರೆ ಅದು ಸೇವೆಯಿಂದಲೇ ಎಂದು ತಿಳಿಯಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ನೌಕರಿ ಕೊಟ್ಟವರದು, ಕಾಯಿಲೆಯನ್ನು ಭರ್ತಿಯ ವೇಳೆ ಪತ್ತೆಹಚ್ಚಲು ಸಾಧ್ಯವಿರಲಿಲ್ಲ ಎನ್ನುವುದಾದರೆ ಮೆಡಿಕಲ್ ಬೋರ್ಡ್ ಅದಕ್ಕೆ ಕಾರಣ ಬರೆಯಬೇಕು ಎಂಬುದು ತೀರ್ಪಿನ ಸಾರ.

ಹಾಗಾಗಿ ‘ದೋಷವಿಲ್ಲ’ ಎಂದು ಬರೆದ ಭರ್ತಿಯ ನಮೂನೆ ನಿಮ್ಮ ಕಡತದ ಮೊದಲ ಪುಟವಾಗಬೇಕು. ಅದರ ಜೊತೆಗೆ, ಎಎಫ್‌ಎಂಎಸ್‌ಎಫ್-16ರಲ್ಲಿ ‘ಸೇನೆ ಸೇರುವ ಮುನ್ನ ಈ ತೊಂದರೆ ಇತ್ತೇ’ ಎಂಬ ಪ್ರಶ್ನೆಗೆ ನೀವು ಏನು ಉತ್ತರಿಸಿ ಸಹಿ ಹಾಕಿದ್ದೀರಿ ಎಂಬುದನ್ನೂ ಗಮನಿಸಿ. ಅಲ್ಲಿ ನಿಮಗೆ ವಿರುದ್ಧವಾದ ಹೇಳಿಕೆ ಇದ್ದರೆ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ, ಎದುರಿನವರ ಬಳಿಯೂ ಅದೇ ಕಾಗದ ಇದೆ. ಅದು ಹೇಗೆ ದಾಖಲಾಯಿತು ಎಂಬುದನ್ನು ಮನವಿಯಲ್ಲಿ ನೀವೇ ಮೊದಲು ವಿವರಿಸುವುದು ಲೇಸು.

ತಾರೀಖುಗಳನ್ನು ಪೋಣಿಸುವುದು

ಎಲ್ಲ ಕಾಗದ ಬಂದ ಮೇಲೆ ಒಂದು ಉದ್ದ ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ತಾರೀಖು, ಏನಾಯಿತು, ಅದನ್ನು ಹೇಳುವ ಕಾಗದ ಯಾವುದು. ಮೂರನೆಯ ಅಂಕಣ ಖಾಲಿ ಉಳಿದ ಸಾಲುಗಳೇ ನೀವು ಇನ್ನೂ ಹುಡುಕಬೇಕಾದ ಪುರಾವೆಯ ಪಟ್ಟಿ.

ಕಾಲ್ಪನಿಕ ಉದಾಹರಣೆಯೊಂದನ್ನು ನೋಡೋಣ. ಹವಾಲ್ದಾರರೊಬ್ಬರಿಗೆ ರಕ್ತದೊತ್ತಡ, ಬೋರ್ಡ್ ಶೇಕಡ 30 ಎಂದು ಅಳೆದು, ‘ಶಾಂತಿ ನೆಲೆಯಲ್ಲಿ ಕಾಣಿಸಿಕೊಂಡಿದೆ’ ಎಂಬ ಕಾರಣಕ್ಕೆ ‘ನಾನಾ’ ಬರೆದಿದೆ. ಅವರ ಹಾಳೆಯ ಮೊದಲ ಸಾಲು 1998ರ ಜೂನ್, ಭರ್ತಿ, ದೋಷವಿಲ್ಲ. ಮುಂದೆ 2009ರ ಮಾರ್ಚ್‌ನಿಂದ 2011ರ ಜೂನ್‌ವರೆಗೆ ಎತ್ತರ ಪ್ರದೇಶದ ಪೋಸ್ಟಿಂಗ್. ಕಾಗದ: ಪಾರ್ಟ್ ಟು ಆರ್ಡರ್ ಮತ್ತು 27 ಪೇ ಸ್ಲಿಪ್. 2010ರ ನವೆಂಬರ್‌ನಲ್ಲಿ ತಲೆನೋವಿಗೆಂದು ಯೂನಿಟ್ಟಿನ ವೈದ್ಯಾಧಿಕಾರಿಯ ಬಳಿ ಹೋದದ್ದು. ಕಾಗದ: ಇನ್ನೂ ಸಿಕ್ಕಿಲ್ಲ. 2011ರ ಆಗಸ್ಟ್, ಶಾಂತಿ ನೆಲೆಯ ಆಸ್ಪತ್ರೆಯಲ್ಲಿ ರಕ್ತದೊತ್ತಡ ಪತ್ತೆ. ಕಾಗದ: ದಾಖಲಾತಿಯ ಸ್ಲಿಪ್. ಬೋರ್ಡಿನ ಅರ್ಧ ಸಾಲು ಸುಳ್ಳಲ್ಲ, ಕಾಯಿಲೆ ಶಾಂತಿ ನೆಲೆಯಲ್ಲೇ ಪತ್ತೆಯಾಗಿದೆ. ಆದರೆ ಪತ್ತೆಯಾದದ್ದು 27 ತಿಂಗಳು ಎತ್ತರದಲ್ಲಿ ಕಳೆದು ಇಳಿದ ಎರಡೇ ತಿಂಗಳಿಗೆ ಎಂಬುದನ್ನು ಆ ಅರ್ಧ ಸಾಲು ಹೇಳುವುದಿಲ್ಲ, ಈ ಹಾಳೆ ಹೇಳುತ್ತದೆ. ಪತ್ತೆಯಾದ ದಿನ ಬೇರೆ, ಶುರುವಾದ ದಿನ ಬೇರೆ ಎಂಬ ವಾದಕ್ಕೆ ಬೇಕಾದದ್ದು ದೊಡ್ಡ ಮಾತಲ್ಲ, ಪಕ್ಕಪಕ್ಕದಲ್ಲಿಟ್ಟ ಎರಡು ತಾರೀಖುಗಳು. ಮತ್ತು 2010ರ ನವೆಂಬರ್‌ನ ಆ ಸಿಗದ ಚೀಟಿಗಾಗಿ ಇನ್ನೊಂದು ಅರ್ಜಿ ಹಾಕುವುದು ಸಾರ್ಥಕ.

ಕಾಯಿಲೆಗೆ ತಕ್ಕ ಪುರಾವೆ

ಮೆಡಿಕಲ್ ಬೋರ್ಡುಗಳು ಅನುಸರಿಸುವ ಕೈಪಿಡಿ ‘ಗೈಡ್ ಟು ಮೆಡಿಕಲ್ ಆಫೀಸರ್ಸ್ (ಮಿಲಿಟರಿ ಪೆನ್ಷನ್ಸ್)’. 2002ರದ್ದನ್ನು 2008ರಲ್ಲಿ ತಿದ್ದುಪಡಿ ಮಾಡಲಾಗಿತ್ತು, 2023ರ ನಿಯಮಗಳ ಜೊತೆಗೆ ಅದರ ಹೊಸ ಆವೃತ್ತಿಯೂ ಬಂದಿದೆ. ನಿಮ್ಮ ಕಾಯಿಲೆಯ ಬಗ್ಗೆ ಅದರಲ್ಲಿ ಏನಿದೆಯೋ ಆ ಕಂಡಿಕೆಯನ್ನು ಓದಲೇಬೇಕು, ಬೋರ್ಡಿನವರ ಮನಸ್ಸಿನಲ್ಲಿ ಓಡುವುದು ಅದೇ ಭಾಷೆ. ಹೃದಯಾಘಾತದ ಪ್ರಕರಣಗಳಲ್ಲಿ ಆಘಾತಕ್ಕೆ ಹಿಂದಿನ 14 ದಿನಗಳ ಕರ್ತವ್ಯದ ವಿವರವನ್ನು ಪರಿಶೀಲಿಸಬೇಕೆಂದು ಕೈಪಿಡಿ ಹೇಳುತ್ತದೆ. ಆ 14 ದಿನ ನೀವು ಗಾರ್ಡ್ ಡ್ಯೂಟಿಯಲ್ಲಿದ್ದಿರೋ, ಕಾನ್ವಾಯ್ ಜೊತೆಗಿದ್ದಿರೋ, ಫಿಟ್‌ನೆಸ್ ಪರೀಕ್ಷೆಗೆ ಓಡುತ್ತಿದ್ದಿರೋ ಎಂಬುದನ್ನು ಯೂನಿಟ್ ಬರೆದುಕೊಟ್ಟ ಪಟ್ಟಿ ನಡಾವಳಿಗೆ ಲಗತ್ತಾಗಿದೆಯೇ ನೋಡಿ; ಇಲ್ಲದಿದ್ದರೆ ಅದೇ ನಿಮ್ಮ ಮೇಲ್ಮನವಿಯ ಪ್ರಬಲ ಅಂಶ. ಮಾನಸಿಕ ಕಾಯಿಲೆಯಾದರೆ ಯೂನಿಟ್ಟಿನಲ್ಲಿ ನಿಮ್ಮ ನಡವಳಿಕೆಯ ಬಗ್ಗೆ ಕಮಾಂಡಿಂಗ್ ಅಧಿಕಾರಿ ಬರೆದ ವರದಿ ಕೇಳಿ ತರಿಸಿ. ‘ಶಿಸ್ತಿನ, ಚುರುಕಾದ ಸೈನಿಕ, ಈಚೆಗೆ ಮೌನಿಯಾಗಿದ್ದಾನೆ’ ಎಂಬಂಥ ಒಂದು ವಾಕ್ಯ ಬದಲಾವಣೆ ಯಾವಾಗ ಶುರುವಾಯಿತೆಂಬುದನ್ನು ಯಾವ ವೈದ್ಯರಿಗಿಂತಲೂ ಚೆನ್ನಾಗಿ ತೋರಿಸುತ್ತದೆ.

ಗಾಯದ ಪ್ರಕರಣದಲ್ಲಿ ಪ್ರಶ್ನೆ ಬೇರೆ: ಗಾಯಕ್ಕೂ ಕರ್ತವ್ಯಕ್ಕೂ ಕೊಂಡಿ ಇದೆಯೇ. ಇಂಜುರಿ ರಿಪೋರ್ಟಿನಲ್ಲಿ ‘ಕರ್ತವ್ಯದಲ್ಲಿದ್ದರು’ ಎಂದಿದ್ದರೆ ಅರ್ಧ ದಾರಿ ಸವೆದಂತೆ. ರಜೆಯಲ್ಲಿ ಊರಿಗೆ ಹೋಗುವಾಗಲೋ ಮರಳುವಾಗಲೋ ಅಪಘಾತವಾಗಿದ್ದರೆ ರಜೆಯ ಸರ್ಟಿಫಿಕೇಟ್, ರೈಲ್ವೆ ವಾರಂಟ್ ಅಥವಾ ಟಿಕೆಟ್, ಎಫ್‌ಐಆರ್, ಮೊದಲು ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಚೀಟಿ, ಈ ನಾಲ್ಕೂ ಒಂದೇ ಹಾದಿಯನ್ನು, ಒಂದೇ ದಿನವನ್ನು ತೋರಿಸಬೇಕು. ರಜೆಯಲ್ಲಿದ್ದಾಗ ಮನೆಯ ಮಹಡಿಯಿಂದ ಬಿದ್ದವರ ಪ್ರಕರಣ ಇದಕ್ಕಿಂತ ಬಹಳ ಕಷ್ಟದ್ದು, ಸುಳ್ಳು ಭರವಸೆ ಕೊಡುವವರನ್ನು ನಂಬಬೇಡಿ.

ಖಾಸಗಿ ವೈದ್ಯರು ಮತ್ತು ಜೊತೆಗಾರರು

ಹಾಗಾದರೆ ಹೊರಗಿನ ವೈದ್ಯರ ಅಭಿಪ್ರಾಯಕ್ಕೆ ಜಾಗವೇ ಇಲ್ಲವೇ? ಇದೆ, ಆದರೆ ಕೊನೆಯಲ್ಲಿ. ಮೇಲಿನ ಎಲ್ಲ ಕಾಗದಗಳನ್ನು ತಜ್ಞರ ಮುಂದಿಟ್ಟು, ಅವುಗಳನ್ನು ಓದಿದ ನಂತರ ಬರೆಯಲು ಕೇಳಿಕೊಳ್ಳಿ. ‘ಇಂತಿಂಥ ದಾಖಲೆಗಳನ್ನು ಪರಿಶೀಲಿಸಿದ್ದೇನೆ, ಬೋರ್ಡ್ ಕೊಟ್ಟಿರುವ ಕಾರಣ ಈ ರೋಗದ ಬೆಳವಣಿಗೆಗೆ ಹೊಂದುವುದಿಲ್ಲ, ಏಕೆಂದರೆ...’ ಎಂದು ಶುರುವಾಗುವ ಒಂದು ಪುಟ, ಲೆಟರ್‌ಹೆಡ್ಡಿನ ಮೇಲಿನ ಹತ್ತು ಹೊಗಳಿಕೆಯ ಸರ್ಟಿಫಿಕೇಟ್‌ಗಳಿಗಿಂತ ಮೇಲು. ಇಂಥ ಅಭಿಪ್ರಾಯದ ಆಧಾರದ ಮೇಲೆ ಮತ್ತೊಮ್ಮೆ ಮೆಡಿಕಲ್ ಬೋರ್ಡ್ ನಡೆಸುವಂತೆ ಮನವಿಯಲ್ಲಿ ಸ್ಪಷ್ಟವಾಗಿ ಕೇಳಬಹುದು. ಬಿಡುಗಡೆಯ ನಂತರ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಪಡೆದ ಚಿಕಿತ್ಸೆಯ ದಾಖಲೆಗಳು ಕಾಯಿಲೆ ಇಂದಿಗೂ ಇದೆ ಎಂದು ತೋರಿಸಲು ಉಪಯೋಗ, ಅದು ಹೇಗೆ ಬಂತೆಂದು ತೋರಿಸಲು ಅಲ್ಲ.

ಜೊತೆಗಾರರ ಅಫಿಡವಿಟ್ಟಿನ ಮಾತೂ ಹಾಗೆಯೇ. ‘ಇವರು ಒಳ್ಳೆಯವರು, ಕಷ್ಟಪಟ್ಟಿದ್ದಾರೆ’ ಎಂಬುದರಿಂದ ಏನೂ ಸಿದ್ಧವಾಗದು. ತಾನು ಆ ದಿನ ಅಲ್ಲಿದ್ದೆ ಎಂಬುದಕ್ಕೆ ಆಧಾರ, ತಾನು ಕಣ್ಣಾರೆ ಕಂಡದ್ದು, ಅಷ್ಟೇ ಇರಲಿ. ನಾಲ್ವರು ಜೊತೆಗಾರರು ಒಂದೇ ಒಕ್ಕಣೆಗೆ ಸಹಿ ಹಾಕಿದರೆ ಅದು ಒಬ್ಬನ ಸಾಕ್ಷ್ಯಕ್ಕಿಂತಲೂ ಕಡಿಮೆ ತೂಗುತ್ತದೆ.

ಮನವಿ ಕಟ್ಟುವುದು

ಮನವಿ ಉದ್ದವಾಗಬೇಕಿಲ್ಲ. ಬೋರ್ಡಿನ ಕಾರಣವನ್ನು ಅದರದೇ ಮಾತಿನಲ್ಲಿ ಮೇಲೆ ಬರೆಯಿರಿ, ಕೆಳಗೆ ಉತ್ತರ, ಪ್ರತಿ ವಾಕ್ಯದ ಕೊನೆಗೆ ಲಗತ್ತಿನ ಸಂಖ್ಯೆ. ಲಗತ್ತುಗಳು ತಾರೀಖಿನ ಕ್ರಮದಲ್ಲಿರಲಿ, ಎಲ್ಲ ಪುಟಗಳಿಗೂ ಒಂದೇ ಸರಣಿಯ ಸಂಖ್ಯೆ ಇರಲಿ. ಮಸುಕಾದ ಕಾರ್ಬನ್ ಪ್ರತಿಯ ಜೊತೆಗೆ ಅದರ ಟೈಪ್ ಮಾಡಿದ ಪ್ರತಿಯನ್ನೂ ಇಡಿ. ಮೂಲ ಕಾಗದ ಯಾವ ಕಾರಣಕ್ಕೂ ಕೈಬಿಟ್ಟು ಹೋಗಬಾರದು. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಮನವಿಯನ್ನು ಒಮ್ಮೆ ತೋರಿಸುವುದು ಒಳ್ಳೆಯದು.

ಕೇಳುವಾಗ ಪೂರ್ಣವಾಗಿ ಕೇಳಿ. 2023ರ ನಿಯಮಗಳಿಗೆ ಮುಂಚೆ ಬಿಡುಗಡೆಯಾದವರಿಗೆ ಶೇಕಡಾವಾರು ಪ್ರಮಾಣವನ್ನು ಮೇಲಕ್ಕೆ ಹೊಂದಿಸುವ ಪದ್ಧತಿ ಇದೆ: 50ಕ್ಕಿಂತ ಕೆಳಗಿದ್ದರೆ 50, 50ರಿಂದ 75ರ ತನಕ 75, ಅದಕ್ಕೂ ಮೇಲಿದ್ದರೆ 100. ಬೋರ್ಡ್ ಔಟ್ ಆದವರಿಗೆ ಮಾತ್ರವಲ್ಲ, ಸೇವೆ ಪೂರ್ಣಗೊಳಿಸಿ ಬಂದವರಿಗೂ ಇದು ಸಲ್ಲುತ್ತದೆಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಶೇಕಡ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇಕಡ 30 ಎಂಬ ಲೆಕ್ಕದಲ್ಲಿ, ಪರಿಗಣಿಸುವ ವೇತನ 40,000 ರೂಪಾಯಿ ಇದ್ದವರಿಗೆ ಶೇಕಡ 30ರ ಅಂಗವೈಕಲ್ಯಕ್ಕೆ ತಿಂಗಳಿಗೆ 3,600 ರೂಪಾಯಿ ಬಂದರೆ, ಅದನ್ನು 50ಕ್ಕೆ ಹೊಂದಿಸಿದಾಗ 6,000 ಆಗುತ್ತದೆ. ತುಟ್ಟಿ ಪರಿಹಾರ ಬೇರೆ. ಮನವಿಯಲ್ಲಿ ಕೇಳದೆ ಬಿಟ್ಟರೆ ಈ ವ್ಯತ್ಯಾಸಕ್ಕಾಗಿ ಇನ್ನೊಂದು ಸುತ್ತು ಅಲೆಯಬೇಕಾದೀತು.

ಎರಡೂ ಮೇಲ್ಮನವಿ ಸೋತರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆಯಡಿ ರಚಿತವಾದ ಇದರ ಪ್ರಧಾನ ಪೀಠ ದೆಹಲಿಯಲ್ಲಿದ್ದು, ಚೆನ್ನೈ, ಕೊಚ್ಚಿ ಮೊದಲಾದೆಡೆ ಪ್ರಾದೇಶಿಕ ಪೀಠಗಳಿವೆ. ಅಂತಿಮ ಆದೇಶವಾದ 6 ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ತಡವಾದರೆ ಕಾರಣ ತೋರಿಸಿ ಮನ್ನಿಸುವಂತೆ ಕೇಳಬಹುದಾದರೂ, 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ 3 ವರ್ಷಗಳಿಗೆ ಸೀಮಿತವಾಗುತ್ತದೆ. ಮೇಲ್ಮನವಿಗೆ ಉತ್ತರವೇ ಬಾರದಿದ್ದರೂ ದಾರಿ ಮುಚ್ಚುವುದಿಲ್ಲ: ಸಲ್ಲಿಸಿದ ದಿನದಿಂದ 6 ತಿಂಗಳು ಕಾದು, ಅದು ಮುಗಿದ ಮೇಲಿನ 6 ತಿಂಗಳೊಳಗೆ ನ್ಯಾಯಮಂಡಳಿಗೆ ಹೋಗಬಹುದು. ಆ ಎಣಿಕೆಗೆ ಆಧಾರ ಸ್ಪೀಡ್ ಪೋಸ್ಟ್ ರಸೀದಿ. ಅದರ ಶಾಯಿ ಒಂದೆರಡು ವರ್ಷದಲ್ಲಿ ಮಾಸಿಹೋಗುವುದರಿಂದ, ಅಂಚೆ ಕಚೇರಿಯಿಂದ ಮರಳಿದ ದಿನವೇ ಅದರ ನಕಲು ತೆಗೆದು, ಮನವಿಯ ಪ್ರತಿಯ ಮೊದಲ ಪುಟಕ್ಕೆ ಅಂಟಿಸಿಡಿ.